ಇಸ್ತ್ರಿಯವಳ ಗಂಡ

ನನ್ನ ಹೆಂಡತಿಯ ಮಿಂಡನನ್ನು ದಿನಾ ಸಂಜೆ ಅವಳ ಹಾಸಿಗೆಯಿಂದ ಮೇಲಕ್ಕೆತ್ತಿ ಪಾರು ಮಾಡುವುದು ನನ್ನ ಕೆಲಸವಾಗಿತ್ತು. ಸಂಬಳಕ್ಕೆ ಮಾಡುವ ಕೆಲಸ. ಇಂಥ ಪಾಡಿಗೆ ಬಿದ್ದ ಗಂಡಸರು ಸಾಮಾನ್ಯವಾಗಿ ದೊಣ್ಣೆ ಹುಡುಕುತ್ತಾರೆ, ಇಲ್ಲವೇ ಹೆಂಡದಂಗಡಿ ಹುಡುಕುತ್ತಾರೆ. ನಾನು ರಾಟೆ ತಿರುಗಿಸುತ್ತಿದ್ದೆ.

ಬಿಡಿಸಿ ಹೇಳದಿದ್ದರೆ ಅರ್ಥವಾಗುವುದಿಲ್ಲ. ನಾನಿದ್ದದ್ದು ಒಂದು ನಾಟಕದ ಕಂಪನಿಯಲ್ಲಿ. ಊರ ನಡುವೆ ಕಂಪನಿಗೆ ಸ್ವಂತ ಥಿಯೇಟರು. ಮುಂದುಗಡೆ ಕಂಬ, ಕನ್ನಡಿ, ಕೆಂಪು ಮೆತ್ತೆಯ ಕುರ್ಚಿಗಳು. ಸ್ಟೇಜಿನ ಹಲಗೆಯ ಕೆಳಗೆ ಒಂದು ನೆಲಮಾಳಿಗೆ. ಅದರಲ್ಲಿ ನೆಟ್ಟಗೆ ನಿಂತರೆ ತಲೆ ತಗಲುತ್ತದೆ. ಅಲ್ಲಿ ಗಾಡಿಯ ಚಕ್ರಕ್ಕಿಂತ ದೊಡ್ಡದೊಂದು ಮರದ ರಾಟೆ. ಅದಕ್ಕೆ ಸುತ್ತಿದ ಹಗ್ಗ ಹಲಗೆಯ ಸಂದಿನಿಂದ ಮೇಲೆ ಹೋಗಿ, ಸೂರಿನ ಗಾಲಿಗಳನ್ನು ಹಾದು, ಮತ್ತೆ ಸ್ಟೇಜಿಗೆ ಇಳಿಯುತ್ತದೆ. ತುದಿಯಲ್ಲಿ ಕಬ್ಬಿಣದ ಕೊಂಡಿ. ದೇವತೆ ಹಾರಿ ಬರಬೇಕಾದರೂ, ಸತ್ತ ರಾಜ ಸ್ವರ್ಗಕ್ಕೆ ಹೋಗಬೇಕಾದರೂ ನಟನ ಸೊಂಟಪಟ್ಟಿಗೆ ಆ ಕೊಂಡಿ ಸಿಕ್ಕಿಸುತ್ತಾರೆ. ಅವನು ಕಾಲಿನಿಂದ ಹಲಗೆ ಕುಟ್ಟಿ ಸನ್ನೆ ಮಾಡುತ್ತಾನೆ. ಕೆಳಗೆ ಇಬ್ಬರು ರಾಟೆ ತಿರುಗಿಸುತ್ತಾರೆ. ಮೇಲೆ ಸ್ವರ್ಗ ತೆರೆಯುತ್ತದೆ.

ಇಬ್ಬರಲ್ಲಿ ಒಬ್ಬ ನಾನು. ಇನ್ನೊಬ್ಬ ನನ್ನ ಹೆಂಡತಿಯ ಅಣ್ಣ. ನನಗೆ ಅವನು ಭಾವ, ಅವನಿಗೆ ನಾನು ಭಾವ. ‘ಎಳಿ ಭಾವ’, ‘ಬಿಡು ಭಾವ’. ಕೆಳಗೆ ನಮ್ಮ ಮಾತೆಲ್ಲ ಇಷ್ಟೇ. ಮೇಲಿನವರು ನಮ್ಮನ್ನು ಹೆಗ್ಗಣಗಳು ಎನ್ನುತ್ತಿದ್ದರು. ಅದರಲ್ಲಿ ದ್ವೇಷವೇನೂ ಇರಲಿಲ್ಲ. ಹೆಸರು ನೆನಪಿಟ್ಟುಕೊಳ್ಳುವ ಉಸಾಬರಿ ಯಾರಿಗೆ ಬೇಕು ಎಂದು, ಅಷ್ಟೇ. ಮೇಲೆ ಕುಣಿದರೆ ಹಲಗೆಯ ದೂಳು ನಮ್ಮ ಕಣ್ಣಿಗೆ. ಆಟದ ನಡುವೆ ಹೊರಗೆ ಹೋಗುವಂತಿಲ್ಲ. ಉಚ್ಚೆಗೆ ಬಣ್ಣದ ಖಾಲಿ ಡಬ್ಬ. ಅಂಗೈ ಚಪ್ಪಲಿಯ ಅಟ್ಟೆಯಂತಾಗಿತ್ತು. ಬೆನ್ನು ಬಾಗಿ ಬಾಗಿ, ಬೀದಿಯಲ್ಲೂ ನಾನು ತಲೆಗೆ ಏನೋ ತಗಲೀತು ಎಂಬಂತೆ ನಡೆಯುತ್ತಿದ್ದೆ. ಆಕಾಶಕ್ಕೆ ಅಷ್ಟು ಮರ್ಯಾದೆ ಕೊಟ್ಟ ಮನುಷ್ಯ ಇನ್ನೊಬ್ಬನಿರಲಾರ.

ನನ್ನ ಹೆಂಡತಿ ಅದೇ ಥಿಯೇಟರಿನ ಹಿಂಭಾಗದಲ್ಲಿ ವೇಷಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಕಿಟಕಿಯಿಲ್ಲದ ಕೋಣೆ. ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ. ಗೋಡೆಯ ತುಂಬ ರಾಜರ ನಿಲುವಂಗಿಗಳು, ಬೆವರಿನ ವಾಸನೆ. ಕಂಪನಿಯ ನಾಯಕನಟ ತನ್ನ ಅಂಗಿಯನ್ನು ಅಲ್ಲಿಗೆ ತಾನೇ ತರುತ್ತಿದ್ದ. ಅಲ್ಲಿಗೇ ನನಗೆ ಅನುಮಾನ ಬರಬೇಕಿತ್ತು. ಕುಡಿಯುವ ನೀರಿನ ಲೋಟವನ್ನೂ ಇನ್ನೊಬ್ಬರ ಕೈಯಲ್ಲಿ ತರಿಸಿಕೊಳ್ಳುವ ಮನುಷ್ಯ ಅವನು. ನಾನು ಮಾತ್ರ, ‘ಎಷ್ಟು ದೊಡ್ಡ ನಟ, ಎಷ್ಟು ಸರಳ ನೋಡು ಭಾವ’ ಎಂದು ಹೊಗಳಿದ್ದೆ. ಭಾವ ಕೆಮ್ಮಿದ್ದ. ದೂಳಿಗೆ ಇರಬೇಕು ಎಂದುಕೊಂಡಿದ್ದೆ.

ಕೊನೆಗೆ ಅವಳೇ ಹೇಳಿದಳು. ರಜೆಯ ದಿನ, ಬೆಳಿಗ್ಗೆ, ಪಾತ್ರೆ ತೊಳೆಯುತ್ತಾ.

“ನಿನಗೆ ಗೊತ್ತಾಯ್ತಾ?”

“ಏನು?”

“ಹಾಗಾದ್ರೆ ಗೊತ್ತಿಲ್ಲ. ನಾನೇ ಹೇಳ್ತೀನಿ, ಕೂತ್ಕೋ.”

ಹೇಳಿದಳು. ಅಳಲಿಲ್ಲ. ಕಾಲಿಗೆ ಬೀಳಲಿಲ್ಲ. ನಮ್ಮ ಕಂಪನಿಯ ನಾಟಕಗಳಲ್ಲಿ ಹೆಂಗಸರು ಇಂಥ ಹೊತ್ತಿನಲ್ಲಿ ಕಾಲಿಗೆ ಬೀಳುತ್ತಾರೆ. ನಾನು ಕಾಲು ಹಿಂದಕ್ಕೆ ಎಳೆದುಕೊಂಡು ಸಿದ್ಧವಾಗಿಯೇ ಕೂತಿದ್ದೆ.

“ಯಾಕೆ?” ಎಂದೆ.

“ಅವನು ನನ್ನ ಹತ್ರ ಮಾತಾಡ್ದ,” ಎಂದಳು. “ನೀನು ಮನೆಗೆ ಬಂದೋನೇ ಗೋಡೆ ಕಡೆ ತಿರುಗಿ ಮಲಗ್ತೀಯ. ಬೆನ್ನು ನೋವು ಅಂತೀಯ. ನನಗೂ ಬೆನ್ನಿದೆ.”

ಇದಕ್ಕೆ ಉತ್ತರ ಆಮೇಲೆ ಹೊಳೆಯಿತು, ಬೀದಿಯ ಕೊನೆಗೆ ಹೋದ ಮೇಲೆ. ಆ ಬೆನ್ನುನೋವು ಬಂದದ್ದೇ ಅವನನ್ನು ಎತ್ತಿ ಎತ್ತಿ ಎಂದು ಹೇಳಬಹುದಿತ್ತು. ನಾಯಕನ ಮೈಭಾರ ನಮ್ಮ ಮನೆಯಲ್ಲಿ ಇಬ್ಬರಿಗೂ ಗೊತ್ತಿತ್ತು.

ವಿಷಯ ಕಂಪನಿಯಲ್ಲಿ ಹಬ್ಬಿತು. ಯಜಮಾನರು ನನ್ನನ್ನು ಕೋಣೆಗೆ ಕರೆಸಿದರು. ಕೂರು ಎನ್ನಲಿಲ್ಲ.

“ನಿನ್ನ ಹೆಂಡತಿ ಇನ್ನು ಈ ಹೊಸಿಲು ತುಳಿಯೋ ಹಾಗಿಲ್ಲ. ಕಂಪನಿಗೆ ಒಂದು ಮರ್ಯಾದೆ ಅಂತ ಇದೆ.”

“ಮತ್ತೆ ನಾಯಕರು?”

“ಅವನು ಕಲಾವಿದ ಕಣೋ. ಮೃದು ಮನಸ್ಸು. ಹೆಂಗಸರು ತಾವಾಗೇ ಮೇಲೆ ಬೀಳ್ತಾರೆ, ಅವನೇನು ಮಾಡ್ತಾನೆ?”

ಕಲೆ ಎಂಬ ಮಾತಿಗೆ ಎರಡು ಅರ್ಥ. ಒಂದು ಅವನ ಪಾಲಿಗೆ ಬಂತು, ಇನ್ನೊಂದು ನನ್ನ ಹೆಂಡತಿಯ ಪಾಲಿಗೆ.

“ನೀನು ಇರು,” ಎಂದರು ಯಜಮಾನರು. “ನಿನ್ನ ಮೇಲೆ ನಮಗೇನೂ ಕೋಪ ಇಲ್ಲ.”

ನನ್ನ ಮೇಲೆ ಕೋಪವಿಲ್ಲ! ಎಷ್ಟು ದೊಡ್ಡ ಮನಸ್ಸು. “ದೊಡ್ಡ ಉಪಕಾರ ಆಯ್ತು ಯಜಮಾನರೇ,” ಎಂದು ಬಾಗಿ ಹೊರಗೆ ಬಂದೆ. ಬಾಗುವುದಕ್ಕೆ ಬೇರೆ ಕಷ್ಟವನ್ನೇನೂ ಪಡಬೇಕಾಗಿರಲಿಲ್ಲ.

ಅವಳು ಬಟ್ಟೆ ಗಂಟು ಕಟ್ಟಿಕೊಂಡು ಹೊರಟುಹೋದಳು. ನಾಯಕ ಅವಳನ್ನು ಕರೆದುಕೊಳ್ಳಲಿಲ್ಲ. ಅವನಿಗೆ ಮನೆಯಲ್ಲಿ ಹೆಂಡತಿಯಿದ್ದಳು, ಗೋಡೆಯಲ್ಲಿ ಬಿರುದುಗಳಿದ್ದವು. ಊರಾಚೆಯ ದೊಡ್ಡ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳೆಂದು ಭಾವ ಒಂದು ದಿನ ಹೇಳಿದ. ಹೇಳಿ ನನ್ನ ಮುಖ ನೋಡಿದ. “ಎಳಿ ಭಾವ,” ಎಂದೆ.

ಇಲ್ಲಿ ನಮ್ಮ ಕಂಪನಿಯ ನಾಟಕಗಳ ಬಗ್ಗೆ ಒಂದು ಮಾತು ಹೇಳಬೇಕು. ಮುಕ್ಕಾಲು ಪಾಲು ಹಾದರದ ಕಥೆಗಳೇ. ರಾಣಿ ಸೇನಾಪತಿಗೆ ಮನಸೋಲುತ್ತಾಳೆ. ರಾಜ ಪಕ್ಕದ ದೇಶದ ರಾಜನ ಹೆಂಡತಿಯನ್ನು ಹೊತ್ತು ತರುತ್ತಾನೆ. ಪಂಡಿತನ ಹೆಂಡತಿ ಶಿಷ್ಯನ ಜೊತೆ ಓಡಿಹೋಗುತ್ತಾಳೆ. ಇದನ್ನೆಲ್ಲ ಬರೆಯುವವರು ನಾವು ಮೇಷ್ಟ್ರು ಎಂದು ಕರೆಯುವ ಒಬ್ಬರು. ಒಳ್ಳೆಯ ಮನುಷ್ಯ. ನೆಲಮಾಳಿಗೆಗೆ ಇಳಿದು ನಮ್ಮ ಜೊತೆ ಬೀಡಿ ಸೇದುತ್ತಿದ್ದ ಮೇಲಿನವರೆಂದರೆ ಅವರೊಬ್ಬರೇ.

ಒಂದು ಸಲ ನಾನು ಕೇಳಿದ್ದೆ: “ಮೇಷ್ಟ್ರೇ, ಒಂದು ನಾಟಕಕ್ಕೆ ಜನ ಅಳ್ತಾರೆ, ಇನ್ನೊಂದಕ್ಕೆ ನಗ್ತಾರೆ. ಕಥೆ ಎರಡೂ ಒಂದೇ ಅಲ್ವಾ?”

ಮೇಷ್ಟ್ರು ಹೊಗೆ ಬಿಟ್ಟು ಹೇಳಿದರು: “ರಾಜನ ಹೆಂಡತಿ ಹೋದ್ರೆ ಯುದ್ಧ ಆಗುತ್ತೆ, ಅದು ಇತಿಹಾಸ. ರಾಣಿ ತಾನಾಗಿ ಹೋಗಿ ವಿಷ ಕುಡಿದ್ರೆ ದುರಂತ. ಸಾಮಾನ್ಯನ ಹೆಂಡತಿ ಹೋದ್ರೆ ಪ್ರಹಸನ. ಎಲ್ಲ ಕಾಲದಲ್ಲೂ, ಎಲ್ಲ ದೇಶದಲ್ಲೂ ಹೀಗೇ ಕಣಯ್ಯ. ನಾನು ಮಾಡಿದ ನಿಯಮ ಅಲ್ಲ.”

ಆಗ ನನಗೆ ಇದು ಬಹಳ ಜ್ಞಾನದ ಮಾತು ಅನ್ನಿಸಿತ್ತು.

ಹೆಂಡತಿ ಹೋದ ಸ್ವಲ್ಪ ಕಾಲದ ಮೇಲೆ ಕಂಪನಿಯ ಹಾಸ್ಯಗಾರ ನೆಲಮಾಳಿಗೆಗೆ ಬಂದ. “ಸ್ವಲ್ಪ ನಡೆದು ತೋರ್ಸು,” ಎಂದ. ನಡೆದು ತೋರಿಸಿದೆ. “ಆ ಕುತ್ತಿಗೆ ಮುಂದಕ್ಕೆ ಬರುತ್ತಲ್ಲ, ಅದು ಹೇಗೆ?” ಅದನ್ನೂ ತೋರಿಸಿದೆ. ನನ್ನ ಟೋಪಿ ಎರವಲು ಕೇಳಿದ, ಕೊಟ್ಟೆ. ಯಾಕೆಂದು ಕೇಳಲಿಲ್ಲ. ನನ್ನ ನಡಿಗೆಯಲ್ಲಿ ಕಲಿಯುವಂಥದ್ದೇನೋ ಇದೆ ಎಂದು ಒಳಗೊಳಗೇ ಉಬ್ಬಿದೆ ಕೂಡ. ಮರುವಾರ ಹೊರಗಿನ ಗೋಡೆಗೆ ಹೊಸ ಪೋಸ್ಟರು ಅಂಟಿಸಿದರು: ‘ಇಸ್ತ್ರಿಯವಳ ಗಂಡ. ಹೊಟ್ಟೆ ಹುಣ್ಣಾಗಿಸುವ ಪ್ರಹಸನ.’ ಚಿತ್ರದಲ್ಲಿ ಒಬ್ಬ ಗೂನ ನಿಂತಿದ್ದ. ತಲೆಯ ಮೇಲೆ ನನ್ನ ಟೋಪಿ.

ಆ ನಾಟಕವನ್ನು ನಾನು ಕಣ್ಣಾರೆ ನೋಡಿಲ್ಲ. ಕೆಳಗಿನಿಂದ ಕೇಳಿದ್ದೇನೆ. ಇಸ್ತ್ರಿಯವಳ ಹಾಸಿಗೆಯಲ್ಲಿ ಮಿಂಡ ಇರುತ್ತಾನೆ. ಅದು ನಾಯಕನೇ, ತನ್ನ ಪಾತ್ರಕ್ಕೆ ಅವನು ಹೆಚ್ಚು ಅಭ್ಯಾಸ ಮಾಡಬೇಕಾಗಿರಲಿಲ್ಲ. ಗಂಡ ಬಾಗಿಲು ತಟ್ಟುತ್ತಾನೆ. ನಾಯಕ ಹಲಗೆ ಕುಟ್ಟುತ್ತಾನೆ. ನಾನು, ಭಾವ ರಾಟೆ ತಿರುಗಿಸುತ್ತೇವೆ. ಮಿಂಡ ಹಾಸಿಗೆಯಿಂದ ನೇರ ಅಟ್ಟದ ಕಿಂಡಿಗೆ ಹಾರಿ ಮಾಯವಾಗುತ್ತಾನೆ. ಗಂಡ ಒಳಗೆ ಬಂದು, ಬೆಚ್ಚಗಿರುವ ಹಾಸಿಗೆ ಮುಟ್ಟಿ, ‘ಪಾಪ, ಹಾಸಿಗೇಗೂ ಇಸ್ತ್ರಿ ಹಾಕಿದೀಯಾ!’ ಎನ್ನುತ್ತಾನೆ. ಜನ ಕುರ್ಚಿಯಿಂದ ಬೀಳುತ್ತಾರೆ.

ಬಿಡಬಹುದಿತ್ತು ಆ ಕೆಲಸವನ್ನು. ಬಿಡಲಿಲ್ಲ. ಬೇರೆ ಎಲ್ಲಿ ಸಿಗುತ್ತದೆ, ಈ ಗೂನಿಗೆ? ಅದಲ್ಲದೆ ಇನ್ನೊಂದು ವಿಚಿತ್ರ. ಒಂದೆರಡು ಸಲ ಆ ಹಾಸಿಗೆಯ ಮಾತಿಗೆ ನಾನೂ ನಕ್ಕಿದ್ದೇನೆ. ಹಾಸ್ಯಗಾರ ನಿಜಕ್ಕೂ ಚೆನ್ನಾಗಿ ಹೇಳುತ್ತಿದ್ದ. ಭಾವ ನಗುತ್ತಿರಲಿಲ್ಲ. ಅವನು ಹಲ್ಲು ಕಚ್ಚಿ ಹಿಡಿಗೋಲು ತಿರುಗಿಸುತ್ತಿದ್ದ. ಮೇಲೆ ‘ಸೂಳೆ’ ಎಂಬ ಮಾತು ಬಂದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದ.

“ನಿನಗೆ ಏನೂ ಅನ್ಸಲ್ವಾ ಭಾವ?” ಎಂದು ಒಮ್ಮೆ ಕೇಳಿದ.

“ಅನ್ಸುತ್ತೆ. ಆಟ ಮುಗಿದ ಮೇಲೆ,” ಎಂದೆ.

ಭಾನುವಾರದ ಮಧ್ಯಾಹ್ನದ ಆಟ. ಥಿಯೇಟರು ಕಿಕ್ಕಿರಿದಿತ್ತು. ಜನರ ಕಾಲಸದ್ದಿಗೇ ನಮ್ಮ ತಲೆಯ ಮೇಲಿನ ತೊಲೆ ಅದುರುತ್ತಿತ್ತು. ಹಾಸಿಗೆಯ ದೃಶ್ಯ ಬಂತು. ನಾಯಕ ಆ ದಿನ ಹುರುಪಿನಲ್ಲಿದ್ದ. ಬರೆದಿಲ್ಲದ ಮಾತುಗಳನ್ನೆಲ್ಲ ಸೇರಿಸುತ್ತಿದ್ದ. ಇಸ್ತ್ರಿಯವಳ ವೇಷದ ನಟಿಗೆ ಹೇಳಿದ:

“ತಿರುಗು ನೋಡೋಣ. ಅಬ್ಬಾ! ಈ ಹೆಗಲ ಮೇಲೆ ಸುಟ್ಟ ಗಾಯ, ಎಲೆ ಥರ ಇದೆಯಲ್ಲೇ! ನನಗಿಂತ ಮುಂಚೆ ಇಸ್ತ್ರಿಪೆಟ್ಟಿಗೇನೇ ನಿನಗೆ ಮುತ್ತು ಕೊಟ್ಟುಬಿಡ್ತಾ?”

ಜನ ಹೋ ಎಂದರು. ಸಿಳ್ಳೆ ಬಿತ್ತು.

ಆ ಗಾಯ ನಟಿಯ ಹೆಗಲಲ್ಲಿ ಇರಲಿಲ್ಲ. ಅದು ಇದ್ದದ್ದು ನನ್ನ ಹೆಂಡತಿಯ ಹೆಗಲಲ್ಲಿ. ಒಂದು ಸಂಜೆ ಈ ನಾಯಕನದೇ ರಾಜವೇಷಕ್ಕೆ ಅವಸರದಲ್ಲಿ ಇಸ್ತ್ರಿ ಹಾಕಿ, ಪೆಟ್ಟಿಗೆಯನ್ನು ಮೇಲಿನ ಗೂಡಿಗೆ ಎತ್ತಿಡುವಾಗ ಅದರ ಮುರುಕು ಚಿಲಕ ಕಳಚಿ ಕೆಂಡ ಬಿತ್ತು. ಚಿಲಕ ಮುರಿದಿದೆ ಎಂದು ಅವಳು ಮೊದಲೇ ಎಷ್ಟೋ ಸಲ ಹೇಳಿದ್ದಳು. ಬೆಂದ ಮೈಗೆ ಬಟ್ಟೆ ಅಂಟಿಕೊಂಡಿತ್ತು. ‘ಆಟ ಮುಗೀಲಿ, ಆಮೇಲೆ ಹೋಗುವಿಯಂತೆ’ ಎಂದರು ಯಜಮಾನರು. ಉಳಿದ ವೇಷಗಳಿಗೆ ಅವಳು ಎಡಗೈಯಲ್ಲಿ ಇಸ್ತ್ರಿ ಹಾಕಿದಳು. ಮನೆಗೆ ಬಂದ ಮೇಲೆ ಒದ್ದೆ ಬಟ್ಟೆ ಇಟ್ಟು ಇಟ್ಟು ಆ ಅಂಟಿದ್ದನ್ನು ಬಿಡಿಸಿದವನು ನಾನು. ಅವಳು ನನ್ನ ತೋಳು ಕಚ್ಚಿಕೊಂಡಿದ್ದಳು, ಕಿರುಚಿದರೆ ಪಕ್ಕದ ಮನೆಯವರಿಗೆ ಕೇಳುತ್ತದೆಂದು.

ಅದನ್ನು ಅವಳು ಅವನಿಗೆ ತೋರಿಸಿದಳು. ಅದು ಅವಳಿಷ್ಟ, ಹೆಗಲು ಅವಳದು. ಅವನು ತಂದು ಇಷ್ಟು ಜನರ ಮುಂದೆ ಹರಡಿದ.

ಮೇಲೆ ಬಾಗಿಲು ತಟ್ಟಿದ ಸದ್ದಾಯಿತು. ನಾಯಕ ಹಲಗೆ ಕುಟ್ಟಿದ. ಕೈ ಅಭ್ಯಾಸದಂತೆ ರಾಟೆ ತಿರುಗಿಸಿತು. ಹಗ್ಗ ಬಿಗಿಯಿತು, ಅವನ ಭಾರ ನನ್ನ ಹೆಗಲಿಗೆ ಬಂತು. ಅರ್ಧ ದಾರಿಯಲ್ಲಿ ನಾನು ನಿಂತೆ.

“ಎಳಿ ಭಾವ,” ಎಂದ ಭಾವ.

“ಎಳೆಯಲ್ಲ.”

“ಏನು?”

“ಎಳೆಯಲ್ಲ ಅಂದೆ. ಕೈ ಬಿಟ್ರೆ ಬಿದ್ದು ಸಾಯ್ತಾನೆ, ಅದೂ ಬೇಡ. ಅಡ್ಡಗೋಲು ಹಾಕು.”

ಭಾವ ನನ್ನನ್ನು ನೋಡಿದ. ಆಮೇಲೆ ಅಡ್ಡಗೋಲನ್ನು ಚಕ್ರಕ್ಕೆ ಸಿಕ್ಕಿಸಿ, ಅದರ ಮೇಲೆ ತಾನೇ ಕೂತುಬಿಟ್ಟ. ಆ ಮನುಷ್ಯ ಕೂತರೆ ಎತ್ತುವುದಕ್ಕೆ ಎತ್ತುಗಳು ಬೇಕು.

ಮೇಲೆ ನಾಯಕ ಹಾಸಿಗೆಗೂ ಅಟ್ಟಕ್ಕೂ ನಡುವೆ ಒಳಚಡ್ಡಿಯಲ್ಲಿ ನೇತಾಡುತ್ತಿದ್ದ. ಹಾಸ್ಯಗಾರ ಒಳಗೆ ಬಂದ. ಅವನ ಟೋಪಿಗೆ ನಾಯಕನ ಕಾಲು ಬಡಿಯುತ್ತಿತ್ತು. ನೋಡಿದರೆ ನಾಟಕ ಕೆಡುತ್ತದೆ, ನೋಡದಿದ್ದರೆ ಟೋಪಿ ಬೀಳುತ್ತದೆ. ಜನರ ನಗೆಗೆ ಸೂರು ಹಾರಿಹೋಗುವಂತಿತ್ತು.

ನಾನು ಸ್ಟೇಜಿನ ಕಳ್ಳಬಾಗಿಲು ತಳ್ಳಿ ಮೇಲೆ ಬಂದೆ.

ಅಷ್ಟು ಬೆಳಕು ನನಗೆ ಅಭ್ಯಾಸವಿರಲಿಲ್ಲ. ಕಣ್ಣು ಕುಕ್ಕಿತು. ಎದುರಿಗೆ ಕತ್ತಲೆ, ಕತ್ತಲೆಯ ತುಂಬ ಹಲ್ಲು. ಹೇಳಬೇಕೆಂದಿದ್ದ ಮಾತು ಬೇಕಾದಷ್ಟಿತ್ತು. ಬಾಯಿಗೆ ಬಂದದ್ದು ಇಷ್ಟು:

“ನಗಬೇಡಿ. ಆ ಗಾಯ ನಿಜವಾದ್ದು. ಅವಳು ನನ್ನ ಹೆಂಡತಿ. ಇಸ್ತ್ರಿಯವಳ ಗಂಡ ನಾನೇ.”

ನನ್ನ ಪಕ್ಕದಲ್ಲಿ ನನ್ನದೇ ಟೋಪಿ, ನನ್ನದೇ ಗೂನು ಹೊತ್ತ ಹಾಸ್ಯಗಾರ. ಜನ ಅವನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಥಿಯೇಟರು ಸಿಡಿಯಿತು. ಒಬ್ಬ ಗಂಡನಿಗೆ ದುಡ್ಡು ಕೊಟ್ಟು ಬಂದವರಿಗೆ ಇಬ್ಬರು ಗಂಡಂದಿರು ಸಿಕ್ಕಿದ್ದರು! ನಾನು “ನಗಬೇಡಿ” ಎಂದಷ್ಟೂ ನಕ್ಕರು. ಕೈ ಎತ್ತಿ ಕೂಗಿದೆ, ಚಪ್ಪಾಳೆ. ಕೋಪದಿಂದ ಟೋಪಿ ಕಿತ್ತುಕೊಂಡೆ, ಮತ್ತೂ ಚಪ್ಪಾಳೆ. ಮೇಲಿನಿಂದ ನಾಯಕ, “ಇಳಿಸೋ ಬೋಳಿಮಗನೇ!” ಎಂದ. ಅದಕ್ಕೆ ಎಲ್ಲಕ್ಕಿಂತ ದೊಡ್ಡ ಚಪ್ಪಾಳೆ. ಜೀವಮಾನದಲ್ಲಿ ಒಂದೇ ಒಂದು ಸಲ ತಿರುಗಿಬಿದ್ದೆ. ಜನ ಅದನ್ನು ಹಾಸ್ಯವೆಂದುಕೊಂಡರು. ಏನು ಮಾಡಬೇಕೋ ತಿಳಿಯದೆ, ಅಭ್ಯಾಸಬಲದಿಂದ ಬಾಗಿದೆ. ಅದನ್ನು ವಂದನೆ ಎಂದುಕೊಂಡು ಜನ ಎದ್ದು ನಿಂತರು.

ಪರದೆ ಎಳೆದರು. ನಾಯಕನನ್ನು ಇಳಿಸಲು ಏಣಿ ತಂದರು. ಭಾವ ಅಡ್ಡಗೋಲು ಬಿಟ್ಟು ಏಳಲೇ ಇಲ್ಲ.

ಯಜಮಾನರ ಕೋಣೆಗೆ ಕರೆ ಬಂತು. ಒದೆ ಬೀಳುತ್ತದೆಂದು ಮೈ ಗಟ್ಟಿ ಮಾಡಿಕೊಂಡು ಹೋದೆ. ಯಜಮಾನರು ಎದ್ದು ಬಂದು ಹೆಗಲ ಮೇಲೆ ಕೈ ಹಾಕಿದರು. ಕುರ್ಚಿ ತೋರಿಸಿದರು. ಮೂಲೆಯಲ್ಲಿ ನಾಯಕ ಸೊಂಟ ತಿಕ್ಕಿಕೊಳ್ಳುತ್ತಿದ್ದ. ಮೇಷ್ಟ್ರು ಪೆನ್ನು ಹಿಡಿದು ಕೂತಿದ್ದರು.

“ಲೋ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಇದನ್ನ?” ಎಂದರು ಯಜಮಾನರು.

“ಏನನ್ನ?”

“ಈ ಪ್ರತಿಭೆನ! ಇನ್ನು ದಿನಾ ಹೀಗೇ. ಅವನು ನೇತಾಡ್ತಾನೆ, ನೀನು ಕೆಳಗಿಂದ ಬರ್ತೀಯ. ‘ನಗಬೇಡಿ’ ಅಂತೀಯ. ಅದೇ ಮುಖ, ಅದೇ ಮಾತು. ಪೋಸ್ಟರಲ್ಲಿ ಹಾಕಿಸ್ತೀನಿ, ‘ನಿಜವಾದ ಗಂಡನೇ ರಂಗದ ಮೇಲೆ’ ಅಂತ.”

“ಮೇಲೆ ಬಾರಯ್ಯ, ಬೆಳಕಿಗೆ ಬಾ,” ಎಂದರು ಮೇಷ್ಟ್ರು. ಅವರ ಕಣ್ಣಲ್ಲಿ ನಿಜವಾದ ಸಂತೋಷವಿತ್ತು. ಅದಕ್ಕೇ ನನಗೆ ಹೆಚ್ಚು ಉರಿಯಿತು.

ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಆಸೆಯಾಯಿತು. ನೆಟ್ಟಗೆ ನಿಲ್ಲುವಷ್ಟು ಎತ್ತರದ ಜಾಗ. ಉಚ್ಚೆಗೆ ಡಬ್ಬ ಬೇಡ. ಯಾರೋ ಒಬ್ಬರು ನನ್ನ ಅಂಗಿಗೂ ಇಸ್ತ್ರಿ ಹಾಕಿ ಕೊಡುತ್ತಾರೆ. ಹಾಗೆ ಯೋಚಿಸಿದಾಗ ಆ ‘ಯಾರೋ ಒಬ್ಬರು’ ಕಣ್ಣ ಮುಂದೆ ಬಂದಳು. ಈಗ ಆ ಕೋಣೆಯಲ್ಲಿ ಬೇರೊಬ್ಬಳಿದ್ದಳು, ಅದೇ ಮುರುಕು ಪೆಟ್ಟಿಗೆಯ ಜೊತೆ.

“ಆಗಲ್ಲ,” ಎಂದೆ.

“ಯಾಕೋ? ಅವನ ಮುಖ ನೋಡಕ್ಕಾಗಲ್ವಾ?”

“ಅವನ ಮುಖ ನಾನು ನೋಡೇ ಇಲ್ಲ ಯಜಮಾನರೇ. ಕೆಳಗಿಂದ ಪಾದ ಮಾತ್ರ ಕಾಣ್ಸುತ್ತೆ.”

ನಾಯಕ ಗಂಟಲು ಸರಿಮಾಡಿಕೊಂಡ. “ನೋಡಪ್ಪಾ, ಅದು ಆಗಿಹೋದ ವಿಷಯ. ಅವಳು ನಿನಗೆ ಮೋಸ ಮಾಡಿದೋಳು. ಅಂಥವಳ ಪರ ಯಾಕೆ ಹೊಡೆದಾಡ್ತೀಯ?”

“ಅವಳು ನನಗೆ ಮೋಸ ಮಾಡಿದ್ಲು. ಹೌದು. ಅದು ನಮ್ಮ ಮನೆ ವಿಷಯ, ನಾವು ಜಗಳ ಆಡ್ತೀವಿ. ನೀವು ಅವಳನ್ನ ಹೊರಗೆ ಹಾಕಿ ಒಳಗೆ ಟಿಕೆಟ್ ಮಾರಿದ್ರಲ್ಲ, ಅದು ಯಾರ ಮನೆ ವಿಷಯ? ತಪ್ಪು ಮಾಡಿದೋರು ಇಬ್ರು. ಒಬ್ಬಳು ಆಸ್ಪತ್ರೆ ರಕ್ತದ ಬಟ್ಟೆ ಒಗೀತಿದಾಳೆ. ಒಬ್ಬ ಇಲ್ಲಿ ಕೂತು ಸೊಂಟ ತಿಕ್ಕೋತಿದಾನೆ. ಇದನ್ನ ಬರೀರಿ ಮೇಷ್ಟ್ರೇ. ಇತಿಹಾಸನೋ ದುರಂತನೋ ಪ್ರಹಸನನೋ, ಏನಾದ್ರೂ ಕರೀರಿ.”

ಮೇಷ್ಟ್ರು ಬರೆಯಲಿಲ್ಲ. ಯಜಮಾನರ ಕೈ ನನ್ನ ಹೆಗಲಿನಿಂದ ಇಳಿಯಿತು.

“ಹಾಗಾದ್ರೆ ಹೊರಡು. ಇಂಥ ಕೊಬ್ಬಿದ ಹೆಗ್ಗಣ ಬೀದೀಲಿ ಬೇಕಾದಷ್ಟು ಸಿಗುತ್ತೆ.”

“ಸಿಗುತ್ತೆ,” ಎಂದೆ. “ಆದ್ರೆ ಭಾವನ್ನ ರಾಟೆ ಮೇಲಿಂದ ಏಳಿಸೋದು ನಿಮ್ಮ ಕೆಲಸ.”

ಅವನನ್ನು ಏಳಿಸುವುದೇನೂ ಬೇಕಾಗಲಿಲ್ಲ. ಬಾಗಿಲ ಹೊರಗೇ ನಿಂತಿದ್ದ, ಕೈಯಲ್ಲಿ ಅಡ್ಡಗೋಲು. ಅದಿಲ್ಲದೆ ರಾಟೆ ನಿಲ್ಲುವುದಿಲ್ಲ ಎಂದು ಯಜಮಾನರಿಗೆ ಮರುದಿನ ತಿಳಿದಿರಬೇಕು. ನಾವಿಬ್ಬರೂ ನಡೆದೆವು. ಬೀದಿ ತಿರುವಿನಲ್ಲಿ ಭಾವ ಇದ್ದಕ್ಕಿದ್ದಂತೆ ಕೂತು ಹೊಟ್ಟೆ ಹಿಡಿದು ನಗತೊಡಗಿದ. “ಒಳಚಡ್ಡಿ, ಭಾವ! ಒಳಚಡ್ಡಿ!” ಎಂದ. ನಾನೂ ನಕ್ಕೆ. ನಕ್ಕು ನಕ್ಕು ಅತ್ತೆ.

ಕೆಲಸ ಹುಡುಕಿ ಅಲೆದೆ. ಲಾರಿ ಕಟ್ಟೆಯಲ್ಲಿ ಗೂನು ನೋಡಿ ಬೇಡ ಎಂದರು. ಒಂದು ಗೋದಾಮಿನಲ್ಲಿ ಪ್ರಹಸನ ನೋಡಿದ್ದ ಗುಮಾಸ್ತ, “ಅಯ್ಯೋ ನೀವೇ ಅಲ್ವಾ!” ಎಂದು ಟೀ ಕೊಡಿಸಿದ. ಕೆಲಸ ಕೊಡಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಆಸ್ಪತ್ರೆಯ ಹಿಂಬಾಗಿಲಿಗೆ ಹೋದೆ.

ದೊಡ್ಡ ಶೆಡ್ಡು. ಒಳಗೆ ಹಬೆ, ಸೋಡಾದ ಘಾಟು. ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ನಿಂತು ಹೊದಿಕೆಗಳನ್ನು ತುಳಿಯುತ್ತಿದ್ದರು. ನನ್ನ ಹೆಂಡತಿ ಒದ್ದೆ ರಾಶಿಯ ಪಕ್ಕ ಇದ್ದಳು. ತೆಳ್ಳಗಾಗಿದ್ದಳು. ನನ್ನನ್ನು ನೋಡಿ ಸೆರಗಿನಿಂದ ಕೈ ಒರೆಸಿಕೊಂಡಳು.

“ಅಣ್ಣ ಹೇಳಿದ,” ಎಂದಳು. “ಅವನನ್ನ ನೇತು ಹಾಕಿದ್ಯಂತೆ.”

“ಹ್ಞೂಂ.”

“ನನಗೋಸ್ಕರ ಮಾಡಿದ್ಯಾ, ನಿನಗೋಸ್ಕರ ಮಾಡ್ಕೊಂಡ್ಯಾ?”

“ಗೊತ್ತಿಲ್ಲ. ಕೈ ನಿಂತುಬಿಡ್ತು.”

ಅವಳು ಒಂದು ಒದ್ದೆ ಹೊದಿಕೆಯನ್ನು ರಾಶಿಯ ಮೇಲೆ ಎಸೆದಳು. “ನೋಡು, ನನ್ನನ್ನ ಕ್ಷಮಿಸಿದೀನಿ ಅಂತ ಹೇಳಕ್ಕೆ ಬಂದಿದ್ರೆ ಹೀಗೇ ಹೊರಟುಹೋಗು. ನನಗೆ ಅದನ್ನ ಕೇಳಿಸ್ಕೊಳ್ಳೋ ಶಕ್ತಿ ಇಲ್ಲ.”

“ಕ್ಷಮಿಸೋಷ್ಟು ಅನುಕೂಲ ನನಗೆಲ್ಲಿದೆ? ಕೆಲಸ ಕೇಳಕ್ಕೆ ಬಂದೆ.”

ಅವಳ ಬಾಯಿಯ ಕೊನೆ ಅಲುಗಿತು. ನಗೆಯೋ ಅಲ್ಲವೋ ಹಬೆಯಲ್ಲಿ ಕಾಣಲಿಲ್ಲ. ಅಷ್ಟರಲ್ಲಿ ಮೇಲ್ವಿಚಾರಕಿ ಬಂದಳು. ದಪ್ಪ ಹೆಂಗಸು, ದಪ್ಪ ದನಿ.

“ಯಾರಿವನು?”

“ನನ್ನ ಗಂಡ,” ಎಂದಳು. ಆಮೇಲೆ, “ಆಗಿದ್ದ. ಈಗ ನೋಡ್ಬೇಕು,” ಎಂದಳು.

“ಏನು ಬರುತ್ತೆ?”

“ಭಾರ ಎತ್ತುತ್ತಾನೆ.”

“ಕುಡೀತಾನಾ?”

“ಇಲ್ಲ.”

“ಹೇಳಿದ ಮಾತು ಕೇಳ್ತಾನಾ?”

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಮದುವೆಯಾದ ಮೇಲೆ ಅಷ್ಟು ಹೊತ್ತು ಅವಳು ನನ್ನನ್ನು ನೋಡಿದ್ದು ಅದೇ ಮೊದಲಿರಬೇಕು.

“ಕೇಳ್ತಿದ್ದ,” ಎಂದಳು. “ಈಗ ಕೇಳಲ್ಲ.”

ಮೇಲ್ವಿಚಾರಕಿ ಮೂಗು ಉಜ್ಜಿಕೊಂಡು, ಒದ್ದೆ ಹೊದಿಕೆಗಳ ಗುಡ್ಡದ ಕಡೆ ಕೈ ತೋರಿಸಿ ಹೋದಳು. ನನ್ನ ಹೆಂಡತಿ ಒಂದು ಹೊದಿಕೆಯ ತುದಿ ಹಿಡಿದು ಇನ್ನೊಂದು ತುದಿಯನ್ನು ನನ್ನ ಕಡೆ ಎಸೆದಳು. ಹಿಂಡಬೇಕಿತ್ತು. ನಾನು ರಾಟೆಯ ಅಭ್ಯಾಸದಲ್ಲಿ ಅವಳು ತಿರುಚುವ ಕಡೆಗೇ ತಿರುಚಿದೆ. ನೀರು ಒಂದು ಹನಿಯೂ ಇಳಿಯಲಿಲ್ಲ.

“ಆ ಕಡೆ,” ಎಂದಳು.